ಕಿಟಕಿಯ ಹೊರಗೆ ನಿಂತು ಹೇಳಿದ ಕಾದಂಬರಿ

ಇಚಲಕರಂಜಿಯ ವಾಚನಾಲಯದಲ್ಲಿ ನಾನು ಕೆಲಸಕ್ಕೆ ಸೇರಿದ್ದು ಪುಸ್ತಕಗಳ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ಹಗಲು ಹೊತ್ತು ಅಣ್ಣನ ಮನೆಯಲ್ಲಿ ಇರಬಾರದು, ಅಷ್ಟೇ ನನಗೆ ಬೇಕಿದ್ದದ್ದು. ಗಡಹಿಂಗ್ಲಜದಲ್ಲಿ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಇಪ್ಪತ್ತಮೂರಕ್ಕೆ ಗಂಡನನ್ನು ಕಳೆದುಕೊಂಡವಳು ನಾನು. ಅಣ್ಣ ನೂಲಿನ ವ್ಯಾಪಾರಕ್ಕೆಂದು ಇಚಲಕರಂಜಿಗೆ ಬಂದು ನೆಲೆಸಿದ್ದ. ನನ್ನನ್ನೂ ಕರೆತಂದ. ಅತ್ತಿಗೆ ಕೆಟ್ಟವಳಲ್ಲ. ಆದರೆ ಆರು ಮಕ್ಕಳ ಮನೆ. ನಾನು ಎಲ್ಲಿ ಕೂತರೂ ಅದು ಯಾರದೋ ಜಾಗವಾಗಿರುತ್ತಿತ್ತು.

ಊರಿನ ದೊಡ್ಡ ಗ್ರಂಥಾಲಯ ಬೇರೆ. ನಮ್ಮದು ಪೇಟೆಯ ಕೆಲವರು ಸೇರಿ ಒಂದು ಮಾಳಿಗೆಯ ಮೇಲೆ ನಡೆಸುತ್ತಿದ್ದ ಚಿಕ್ಕ ವಾಚನಾಲಯ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಪುಸ್ತಕ. ಎಲ್ಲ ಪುಸ್ತಕಗಳಿಗೂ ಮೆಣಸಿನಕಾಯಿಯ ಘಾಟು ಹತ್ತಿರುತ್ತಿತ್ತು. ಮೂವತ್ತರ ದಶಕದ ನಡುವಿನ ಮಾತು. ಪೇಟೆಯ ಮನೆಗಳಲ್ಲಿ ನಾಲ್ಕಕ್ಷರ ಕಲಿತ ಸೊಸೆಯಂದಿರು ಆಗಷ್ಟೇ ಬರತೊಡಗಿದ್ದರು. ಅವರಿಗೆ ಪುಸ್ತಕ ಬೇಕು, ಆದರೆ ಗಂಡಸರು ಕೂತು ಪತ್ರಿಕೆ ಓದುವ ಜಾಗಕ್ಕೆ ಅವರು ಬರುವ ಹಾಗಿಲ್ಲ. ಗಂಡಾಳು ಒಳಮನೆಗೆ ಹೋಗುವ ಹಾಗಿಲ್ಲ. ಮನೆಮನೆಗೆ ಪುಸ್ತಕ ಒಯ್ಯಲು ಒಬ್ಬ ಹೆಂಗಸು ಬೇಕೆಂದು ಮಂಡಳಿಯವರು ಹುಡುಕುತ್ತಿದ್ದಾಗ ಅಣ್ಣ ನನ್ನ ವಿಷಯ ಹೇಳಿದ. ಕನ್ನಡ ಮನೆಯ ಮಾತು, ಮರಾಠಿ ಸಾಲೆಯದು, ಎರಡೂ ಓದಲು ಬರುತ್ತಿತ್ತು. ಅಷ್ಟು ಸಾಕಾಯಿತು.

ಅಲ್ಲಿ ಗ್ರಂಥಪಾಲರಾಗಿದ್ದವರು ಒಬ್ಬ ಮುದುಕ ಮಾಸ್ತರು. ಹಾತಕಣಂಗಲೆ ಕಡೆಯ ಜೈನ ಮನೆತನದವರು. ಸಾಲೆ ಬಿಟ್ಟ ಮೇಲೆ ಈ ಕೆಲಸ ಹಿಡಿದಿದ್ದರು. ಪುಸ್ತಕಗಳೆಲ್ಲ ಗಾಜಿನ ಕಪಾಟುಗಳಲ್ಲಿ, ಕಪಾಟುಗಳಿಗೆ ಕೀಲಿ, ಕೀಲಿಕೈ ಅವರ ಧೋತರದ ಸೆರಗಿನಲ್ಲಿ. ಯಾದಿ ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಓದುಗ ಬಂದು ಗಾಜಿನ ಹೊರಗಿನಿಂದ ಬೆರಳು ಮಾಡಿ ತೋರಿಸಬೇಕು. ತೋರಿಸಿದ್ದನ್ನೇ ಅವರು ಕೊಡುತ್ತಾರೆಂದಿಲ್ಲ. ಒಮ್ಮೆ ಮಿಲ್ಲಿನ ಗುಮಾಸ್ತನೊಬ್ಬ ಪತ್ತೇದಾರಿ ಕತೆ ಕೇಳಿದ. ಮಾಸ್ತರು ಅವನ ಮುಖವನ್ನು ಒಂದು ಗಳಿಗೆ ನೋಡಿದರು.

"ನಿದ್ದಿ ಬರವಲ್ದೇನು?" ಎಂದರು.

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಮಾರಿ ನೋಡಿದರ ಗೊತ್ತಾಗತೈತಿ. ಇದು ನಿನಗ ಬ್ಯಾಡ. ಇದನ್ನ ಒಯ್ಯಿ," ಎಂದು ದಪ್ಪನೆಯದೊಂದು ಪ್ರವಾಸದ ಪುಸ್ತಕ ತೆಗೆದುಕೊಟ್ಟರು. ಅವನು ಮರುಮಾತಾಡದೆ ಒಯ್ದ.

ನನಗೆ ಆಗ ಇದೇ ವಿದ್ಯೆ ಅನಿಸಿತ್ತು. ಮನುಷ್ಯನನ್ನು ನೋಡಿ ಪುಸ್ತಕ ಕೊಡುವುದು. ಬೇವಿನ ಸೊಪ್ಪು ಒಣಗಿಸಿ ಕಪಾಟಿಗೆ ಹಾಕುವುದು, ಮಗ್ಗದ ಗಂಜಿಯಿಂದಲೇ ಹರಿದ ಬೆನ್ನು ಅಂಟಿಸುವುದು, ಗೆದ್ದಲು ಎಲ್ಲಿಂದ ಏರುತ್ತದೆಂದು ಗೋಡೆ ಬಡಿದು ಹೇಳುವುದು, ಇವೆಲ್ಲ ಅವರಿಂದಲೇ ಕಲಿತೆ.

ವಾರಕ್ಕೆ ಮೂರು ದಿನ ನನ್ನ ತಿರುಗಾಟ. ಎರಡು ಬಟ್ಟೆಯ ಪಿಶವಿ. ಒಂದರಲ್ಲಿ ಕೊಡುವ ಪುಸ್ತಕ, ಇನ್ನೊಂದರಲ್ಲಿ ಹಿಂದೆ ಬಂದವು. ತೂಕ ಎಂದೂ ಇಳಿಯುತ್ತಿರಲಿಲ್ಲ, ಬಲಗೈಯಿಂದ ಎಡಗೈಗೆ ಹೋಗುತ್ತಿತ್ತು, ಅಷ್ಟೆ. ಬೇಸಿಗೆಯಲ್ಲಿ ಓಣಿಯ ಧೂಳು, ಮಳೆಗಾಲದಲ್ಲಿ ಪುಸ್ತಕಕ್ಕೆ ಎಣ್ಣೆಬಟ್ಟೆ, ನನಗೆ ಹರಕು ಛತ್ರಿ. ಎಲ್ಲಿ ಹೋದರೂ ಮಗ್ಗದ ಸದ್ದು. ಮನೆಗೆ ಬಂದು ಮಲಗಿದರೂ ಅದು ಕಿವಿಯೊಳಗೆ ಹೊಡೆಯುತ್ತಲೇ ಇರುತ್ತಿತ್ತು. ಮರಾಠಿ ಮನೆಗಳಲ್ಲಿ ನಾನು 'ಪುಸ್ತಕವಾಲಿ ಬಾಯಿ', ಕನ್ನಡದ ಮನೆಗಳಲ್ಲಿ 'ಪುಸ್ತಕದಕ್ಕ'. ಸೊಸೆಗೆ ಯಾವ ಪುಸ್ತಕ ಬೇಕು ಎಂಬುದಕ್ಕಿಂತ ಅತ್ತೆಗೆ ಯಾವುದು ನಡೆಯುತ್ತದೆ ಎಂಬುದು ಮುಖ್ಯವಾಗಿತ್ತು. ಮೇಲೊಂದು ವ್ರತಕಥೆ, ಕೆಳಗೊಂದು ಕಾದಂಬರಿ, ಹೀಗೆ ಜೋಡಿಸಿ ಕೊಡುತ್ತಿದ್ದೆ. ಮೂರು ನಾಲ್ಕು ವರ್ಷ ಹೀಗೇ ಹೋಯಿತು. ಬಲ ಹೆಗಲು ತುಸು ಇಳಿದದ್ದು ಕನ್ನಡಿಯಲ್ಲಿ ಕಾಣತೊಡಗಿತು.

ನೇಕಾರರ ಓಣಿಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡಿದ್ದ ಒಂದು ಮನೆಗೆ ಗಡಹಿಂಗ್ಲಜದಿಂದ ಸೊಸೆ ಬಂದಳು. ನಮ್ಮೂರಿನಾಕಿ ಎಂದು ನನಗೆ ಸಲುಗೆ. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಓದಿನಲ್ಲಿ ಅವಳಷ್ಟು ಹಸಿವಿನವಳನ್ನು ನಾನು ನೋಡಿಲ್ಲ. ಒಯ್ದ ಪುಸ್ತಕ ಮೂರನೆಯ ದಿನಕ್ಕೆ ಮುಗಿದು, ಮುಂದಿನ ಗುರುವಾರದ ತನಕ ಅದನ್ನೇ ಮತ್ತೆ ಓದುತ್ತಿದ್ದಳು. ಅತ್ತೆಗೆ ಅಕ್ಷರ ಬಾರದು. ಆದರೆ ಸೊಸೆ ಓದುವುದು ಅವಳಿಗೆ ಹೆಮ್ಮೆಯೇ. "ನಮ್ಮ ಸೊಸಿ ಮಾಸ್ತರಣಿ ಆಗ್ಬೇಕಿತ್ತು ನೋಡ್ರಿ," ಎನ್ನುತ್ತಿದ್ದಳು.

ಯುದ್ಧ ಶುರುವಾದ ವರ್ಷ ಆ ಸೊಸೆಗೆ ಕೆಮ್ಮು ಹತ್ತಿತು. ಮಳೆಗಾಲ ಮುಗಿದರೂ ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳ ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ಯಾರೂ ಕ್ಷಯ ಎಂಬ ಮಾತು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ, ಓಣಿಯಲ್ಲಿ ಆ ಬೇನೆ ಹೊಸದಲ್ಲ. ನಾನು ಎಂದಿನಂತೆ ಪುಸ್ತಕ ಕೊಡುತ್ತಲೇ ಇದ್ದೆ. ಒಬ್ಬ ಮಂಡಳಿ ಸದಸ್ಯರ ಹೆಂಡತಿ ಅದನ್ನು ಕಂಡಳು. ಎಂಟು ದಿನದಲ್ಲಿ ಕಟ್ಟಳೆ ಬಂತು. ಕ್ಷಯದ ಮನೆಗೆ ಪುಸ್ತಕ ಕೊಡತಕ್ಕದ್ದಲ್ಲ. ಅವಳ ಕೈಯಿಂದ ಹಿಂದೆ ಬಂದಿದ್ದ ಎರಡು ಪುಸ್ತಕಗಳನ್ನು ಮಾಸ್ತರು ನನ್ನ ಎದುರಿಗೇ ಹಿತ್ತಲಲ್ಲಿ ಸುಟ್ಟರು.

"ಕಟ್ಟಳಿ ಬರೋಬರಿ ಐತಿ," ಎಂದರು. "ಆ ಪುಸ್ತಕ ನಾಳೆ ಬಾಣಂತಿ ಕೈಯಾಗ ಹೋಗೂದು."

"ಆಕಿಗೆ ಏನಂತ ಹೇಳ್ಲಿರಿ? ದಾರಿ ನೋಡತಿರ್ತಾಳ."

ಅವರು ಬೂದಿಯನ್ನು ಕಡ್ಡಿಯಿಂದ ಕೆದಕಿದರು. "ಪುಸ್ತಕ ಒಯ್ಯಬ್ಯಾಡ ಅಂದಾರ. ಬಾಯಿ ಒಯ್ಯಬ್ಯಾಡ ಅಂತ ಯಾರೂ ಅಂದಿಲ್ಲ. ನಮ್ಮ ಅಜ್ಜನ ಕಾಲಕ್ಕ ಬಸದ್ಯಾಗ ಒಂದ ಓಲಿಗರಿ ಕಟ್ಟು ಇರತಿತ್ತು. ಒಬ್ಬಾಂವ ಓದತಿದ್ದ, ಊರ ಮಂದಿ ಕೇಳತಿದ್ದರು. ನೀ ಓದಿಕೊಂಡ ಹೋಗು. ಕಿಟಕಿ ಹೊರಗ ನಿಂತ ಹೇಳು."

ಎದ್ದು ಹೋಗಿ ಕಪಾಟು ತೆರೆದು ಒಂದು ಮರಾಠಿ ಕಾದಂಬರಿ ಕೈಗಿಟ್ಟರು. "ಇದು ಆಕಿಗೆ ಚಲೋ," ಎಂದರು. ನಾನು ಕಣ್ಣು ಮುಚ್ಚಿ ನಂಬಿದೆ.

ಪ್ರತಿ ಗುರುವಾರ, ತಿರುಗಾಟದ ಕೊನೆಯ ಮನೆಯಾಗಿ ಅಲ್ಲಿಗೆ ಹೋಗತೊಡಗಿದೆ. ಹಿತ್ತಲ ಕೋಣೆಗೆ ಕಬ್ಬಿಣದ ಸಲಾಕೆಯ ಸಣ್ಣ ಕಿಟಕಿ. ಒಳಗೆ ಅವಳು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನು ನಿಲ್ಲುತ್ತಿದ್ದೆ. ಅಡಿಗೆ ಮನೆಯ ಹಿಂಬಾಗಿಲಲ್ಲಿ ಅತ್ತೆ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಅವಳಿಗೂ ತಿಳಿಯಲೆಂದು ಮರಾಠಿಯ ಕತೆಯನ್ನು ನಾನು ಕನ್ನಡದಲ್ಲೇ ಹೇಳುತ್ತಿದ್ದೆ. ಅರ್ಧ ತಾಸಿಗೆ ಗಂಟಲು ಒಣಗುತ್ತಿತ್ತು. ಕಾಲು ಮೊದಲೇ ಸೋತಿರುತ್ತಿತ್ತು. ಕೂರು ಎಂದು ಅತ್ತೆ ಮಣೆ ಹಾಕಿದರೆ ಕಿಟಕಿ ಎತ್ತರವಾಗಿ ಅವಳ ಮುಖ ಕಾಣುತ್ತಿರಲಿಲ್ಲ. ನಿಂತೇ ಹೇಳಿದೆ.

ಕಾದಂಬರಿಯಲ್ಲಿ ಒಬ್ಬ ಬಡ ಹುಡುಗಿ. ಊರವರ ಎದುರು ಓದಿ ದೊಡ್ಡವಳಾಗುತ್ತಾಳೆ, ತನಗೆ ಸರಿಕಂಡವನನ್ನು ಮದುವೆಯಾಗುತ್ತಾಳೆ. ನಾನು ವಾರಕ್ಕೆ ಎಷ್ಟು ಹೇಳಬೇಕೋ ಅಷ್ಟನ್ನೇ ಓದಿಕೊಂಡು ಹೋಗುತ್ತಿದ್ದೆ. ಮುಂದಿನದನ್ನು ಓದುವ ತ್ರಾಣ ಇರುತ್ತಿರಲಿಲ್ಲ. ಇದು ನಾನು ಮಾಡಿದ ಮೊದಲನೆಯ ತಪ್ಪು. ಕತೆ ಮೂರು ಪಾಲು ಮುಗಿದ ಮೇಲೆ, ಒಂದು ಬುಧವಾರ ಪುಟ ತಿರುವಿದರೆ, ಆ ಹುಡುಗಿ ಕರವಸ್ತ್ರದಲ್ಲಿ ರಕ್ತ ನೋಡುತ್ತಾಳೆ. ನಾನು ಕುಳಿತಲ್ಲೇ ಕೊನೆಯ ತನಕ ಓದಿದೆ. ಕೊನೆಯ ಪುಟದಲ್ಲಿ ಅವಳನ್ನು ಹೊಳೆಯ ದಂಡೆಗೆ ಒಯ್ಯುತ್ತಾರೆ.

ಮರುದಿನ ಕಿಟಕಿಯ ಹತ್ತಿರ ನಿಂತಾಗ ಏನು ಹೇಳಬೇಕೆಂದು ನಿಶ್ಚಯ ಮಾಡಿರಲಿಲ್ಲ.

"ಹೂಂ, ಹೇಳ್ರಿ ಅಕ್ಕಾರ," ಎಂದಳು. "ಆಕಿ ಗಂಡನ ಕೂಡ ಮುಂಬೈಕ ಹೋಗಿದ್ಲು. ಮುಂದ?"

"ಮುಂದ ಆಕಿಗೆ ಜಡ್ಡು ಬಂತು," ಎಂದೆ. ಅಷ್ಟು ತಾನಾಗಿ ಬಾಯಿಂದ ಬಂತು. ಅತ್ತೆಯ ಕೈಯಲ್ಲಿ ಮೊರ ನಿಂತಿತು.

"ಎಂಥಾ ಜಡ್ಡು?" ಎಂದಳು ಸೊಸೆ ಒಳಗಿನಿಂದ.

"ಕೆಮ್ಮು," ಎಂದೆ. ಆಮೇಲೆ ನಾನು ಪುಸ್ತಕ ಬಿಟ್ಟು ನಡೆದೆ. ಗಂಡ ಅವಳನ್ನು ಒಂದು ದವಾಖಾನೆಗೆ ಸೇರಿಸಿದ, ಗುಡ್ಡದ ಬದಿಯ ದವಾಖಾನೆ, ಗಾಳಿ ಬೆಳಕು, ಹಾಲು ತತ್ತಿ, ದಿನವೆಲ್ಲ ಮಲಗಿರಬೇಕು, ಹೀಗೆಲ್ಲ ಹೇಳಿದೆ. ಮಿರಜಿನಲ್ಲಿ ಅಂಥ ದವಾಖಾನೆ ಇದೆ ಎಂದು ಕೇಳಿದ್ದೆ, ಅದನ್ನೇ ಕತೆಯೊಳಗೆ ತಂದಿಟ್ಟೆ. ಮೂರು ಗುರುವಾರ ಅವಳನ್ನು ಅಲ್ಲಿ ಮಲಗಿಸಿದೆ. ನಾಲ್ಕನೆಯ ವಾರ ಎಬ್ಬಿಸಿ ನಡೆಸಿದೆ. ಐದನೆಯ ವಾರ ಊರಿಗೆ ಕರೆತಂದು ಹೆಣ್ಣುಮಕ್ಕಳ ಸಾಲೆ ತೆರೆಸಿದೆ. ಅಲ್ಲಿಗೆ ಮುಗಿಯಿತೆಂದೆ.

ಒಳಗಿದ್ದವಳು "ಇದು ಪುಸ್ತಕದಾಗ ಹಿಂಗ ಐತ್ರ್ಯಾ?" ಎಂದಳು.

"ಹಿಂಗ ಐತವಾ."

ನಾನು ಓಣಿಯ ತಿರುವಿಗೆ ಬರುವಷ್ಟರಲ್ಲಿ ಅತ್ತೆ ಹಿಂದೆಯೇ ಬಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಅಕ್ಕಾರ, ಆ ಮಿರಜಿನ ದವಾಖಾನಿ ಖರೇನ ಐತೇನ್ರಿ? ಅಲ್ಲಿ ಹೋದರ ಆರಾಮ ಆಗತೈತೇನು?" ಎಂದು ಕೇಳಿದಳು.

"ಐತ್ರಿ. ಕೆಲವರಿಗೆ ಆಗತೈತಂತ," ಎಂದೆ. ಅದು ಸುಳ್ಳಾಗಿರಲಿಲ್ಲ.

ಆ ಚಳಿಗಾಲದಲ್ಲೇ ಒಂದು ಮಗ್ಗ ಮಾರಿ ಅವಳನ್ನು ಮಿರಜಿಗೆ ಒಯ್ದರು. ಹಾತಕಣಂಗಲೆಯ ಸ್ಟೇಷನ್ನಿಗೆ ಟಾಂಗಾದಲ್ಲಿ ಹಾಸಿಗೆ ಹಾಕಿ ಮಲಗಿಸಿ ಒಯ್ದರೆಂದು ಆಮೇಲೆ ಕೇಳಿದೆ. ನಾನು ಆ ದಿನ ಬೇರೆ ಓಣಿಯಲ್ಲಿದ್ದೆ.

ಅದರ ಮರುವರ್ಷ ಮಾಸ್ತರ ಕಣ್ಣಿಗೆ ಪೊರೆ ಬಂತು. ಒಂದಷ್ಟು ದಿನ ಯಾರಿಗೂ ತಿಳಿಯಲಿಲ್ಲ. ಕಪಾಟು ತೆರೆದು ಬೆನ್ನು ಸವರಿ ಬೇಕಾದ ಪುಸ್ತಕವನ್ನೇ ತೆಗೆಯುತ್ತಿದ್ದರು. ಒಂದು ದಿನ ಒಬ್ಬರಿಗೆ ಪಂಚಾಂಗದ ಬದಲು ಪಾಕದ ಪುಸ್ತಕ ಕೊಟ್ಟರು. ಮಂಡಳಿಯವರು ಹಾರ ಹಾಕಿ ಕಳಿಸಿದರು. ಕೀಲಿಕೈ ನನ್ನ ಸೊಂಟಕ್ಕೆ ಬಂತು, ತಿರುಗಾಟವೂ ತಪ್ಪಲಿಲ್ಲ. ಈಗಿನ ಗ್ರಂಥಪಾಲರಿಗೆ ತರಬೇತಿ ಬೇಕೆಂದು ಯಾರೋ ಹೇಳಿದ್ದರಿಂದ ನನ್ನನ್ನು ಕೆಲವು ವಾರ ಕೊಲ್ಹಾಪುರಕ್ಕೆ ಒಂದು ವರ್ಗಕ್ಕೆ ಕಳಿಸಿದರು.

ಕೊಲ್ಹಾಪುರದ ಆ ದಿನಗಳನ್ನು ನೆನೆದರೆ ಈಗಲೂ ಆಕಳಿಕೆ ಬರುತ್ತದೆ. ದೂರದ ನೆಂಟರ ಮನೆಯಲ್ಲಿ ವಸತಿ, ನಸುಕಿನಲ್ಲಿ ಅವರ ನೀರು ತುಂಬಿ, ರಂಕಾಳ ಕೆರೆಯ ಬದಿಯಿಂದ ನಡೆದು ವರ್ಗಕ್ಕೆ ಹೋಗಬೇಕು. ಬೆಂಚಿನ ಮೇಲೆ ಎಲ್ಲರೂ ಮೀಸೆ ಚಿಗುರಿದ ಹುಡುಗರು. ನಾನೊಬ್ಬಳೇ ಹೆಂಗಸು, ಅವರಿಗೆಲ್ಲ ಅತ್ತೆಯ ವಯಸ್ಸು. ಜಗತ್ತಿನ ವಿದ್ಯೆಯನ್ನೆಲ್ಲ ಅಂಕಿಗಳಾಗಿ ಹಂಚಿ, ಪ್ರತಿ ಪುಸ್ತಕಕ್ಕೆ ಒಂದು ಅಂಕಿ, ಒಂದೊಂದಕ್ಕೆ ಎರಡೆರಡು ಕಾರ್ಡು. ಕಲಿಸುವವರು ಒಂದು ದಿನ ಹೇಳಿದರು: ಗ್ರಂಥಪಾಲನಿಗೆ ತನ್ನ ರುಚಿ ಇರಬಾರದು, ಕೇಳಿದ್ದನ್ನು ಬೇಗ ಹುಡುಕಿ ಕೊಡುವುದಷ್ಟೇ ಅವನ ಕೆಲಸ. ಹುಡುಗರು ಬರೆದುಕೊಂಡರು. ನಾನೂ ಬರೆದುಕೊಂಡೆ. ಬರೆಯುತ್ತಿರುವಾಗ ಹಿತ್ತಲ ಕಿಟಕಿಯ ನೆನಪಾಗಿ ಕೈ ನಿಂತಿತು.

ಊರಿಗೆ ಬಂದು ಕಾರ್ಡು ಬರೆಯಲು ಕುಳಿತೆ. ಯುದ್ಧದ ಕಾಲ, ದಪ್ಪ ಕಾಗದ ಸಿಗುತ್ತಿರಲಿಲ್ಲ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬರೆದೆ. ಎರಡು ಕಪಾಟು ಮುಗಿಯುವಷ್ಟರಲ್ಲಿ ಸೋತೆ. ಹಗಲೆಲ್ಲ ತಿರುಗಿ ಬಂದು ಅಂಕಿ ಹಾಕಿದರೆ ಏಳರ ಜಾಗದಲ್ಲಿ ಒಂದಾಗುತ್ತಿತ್ತು. ಯಾರಾದರೂ ಪುಸ್ತಕ ಕೇಳಿದರೆ ಕಾರ್ಡು ನೋಡುವ ಬದಲು ಅವರ ಮುಖವನ್ನೇ ನೋಡುತ್ತಿದ್ದೆ.

ಯುದ್ಧ ಮುಗಿದ ವರ್ಷ ಮಂಡಳಿಯವರು ಒಬ್ಬ ಹುಡುಗಿಯನ್ನು ತಂದರು. ಕೊಲ್ಹಾಪುರದವಳು, ಕಾಲೇಜು ಓದಿದವಳು, ಇದೇ ವಿದ್ಯೆಯನ್ನು ಪೂರ್ತಿ ಕಲಿತು ಬಂದವಳು. ಮರಾಠಿ ಮನೆಯವಳಾದರೂ ಅಜ್ಜಿಯ ಕಡೆಯಿಂದ ಕನ್ನಡ ಬರುತ್ತಿತ್ತು. ಒಂದು ತಿಂಗಳಲ್ಲಿ ಕಾರ್ಡುಗಳನ್ನೆಲ್ಲ ಹೊಸದಾಗಿ ಬರೆದಳು. ನನ್ನ ಲಗ್ನಪತ್ರಿಕೆಗಳನ್ನು ಬಿಸಾಡದೆ ಒಂದು ದಾರ ಕಟ್ಟಿ ಕೊಟ್ಟಳು. ಆಮೇಲೆ ಕಪಾಟುಗಳ ಗಾಜಿನ ಬಾಗಿಲು ಬಿಚ್ಚಿಸಿದಳು.

"ಕಳವಾಗತಾವ ತಂಗಿ," ಎಂದೆ.

"ಒಂದೆರಡ ಹೋಗತಾವ್ರಿ ಬಾಯಿ. ಕೀಲಿಯೊಳಗ ಇಟ್ಟರ ಎಲ್ಲಾ ಹೋದಂಗ ಅಲ್ಲೇನ್ರಿ?" ಎಂದಳು.

ವಾರಕ್ಕೆ ಎರಡು ಮಧ್ಯಾಹ್ನ ಹೆಂಗಸರಿಗೆಂದೇ ಇಟ್ಟಳು. ಮೊದಲು ಇಬ್ಬರು ಬಂದರು, ಆಮೇಲೆ ಹತ್ತು, ಆಮೇಲೆ ನಾನು ಪುಸ್ತಕ ಒಯ್ಯುತ್ತಿದ್ದ ಮನೆಗಳ ಸೊಸೆಯಂದಿರು ತಾವೇ ಮಾಳಿಗೆಯ ಮೆಟ್ಟಿಲು ಹತ್ತತೊಡಗಿದರು. ಕಪಾಟಿನ ಎದುರು ನಿಂತು ಒಂದೊಂದನ್ನೇ ತೆಗೆದು, ನಾಲ್ಕು ಸಾಲು ಓದಿ, ಮತ್ತೆ ಇಟ್ಟು, ಮತ್ತೊಂದನ್ನು ತೆಗೆಯುತ್ತಿದ್ದರು. ಯಾರೂ ನನ್ನನ್ನು ಕೇಳಲಿಲ್ಲ. ನನಗೆ ಬೇಸರವಾಗಲಿಲ್ಲವೆಂದಲ್ಲ. ಆದರೆ ಮೊದಲು ಆದದ್ದು ಸಮಾಧಾನ, ನಾಳೆ ಪಿಶವಿ ಹೊರಬೇಕಿಲ್ಲವೆಂದು.

ಅಂಥ ಒಂದು ಮಧ್ಯಾಹ್ನ ನೇಕಾರರ ಓಣಿಯ ಆ ಸೊಸೆ ಬಂದಳು. ಎರಡು ವರ್ಷ ಮಿರಜ, ಮತ್ತೆ ಮೂರು ವರ್ಷ ಗಡಹಿಂಗ್ಲಜದ ತವರು, ಎಲ್ಲ ಕಳೆದು ಗಂಡನ ಮನೆಗೆ ತಿರುಗಿ ಬಂದಿದ್ದಳು. ಇನ್ನೊಂದು ಮದುವೆಯಾಗೆಂದು ಗಂಡನಿಗೆ ಬಳಗದವರು ಹೇಳಿದ್ದರಂತೆ. ಅತ್ತೆಯೇ ಅಡ್ಡ ನಿಂತಳಂತೆ. ಮಿರಜಿನಲ್ಲಿ ಪಕ್ಕೆಲುಬು ತೆಗೆದು ಶಸ್ತ್ರಚಿಕಿತ್ಸೆ ಮಾಡಿದ್ದರಿಂದ ಒಂದು ಭುಜ ಕುಸಿದಿತ್ತು. ಸೆರಗನ್ನು ಆ ಕಡೆ ಎರಡು ಸುತ್ತು ಹೊದ್ದಿದ್ದಳು. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ದಮ್ಮು ತೆಗೆದುಕೊಳ್ಳುತ್ತ ನಿಂತವಳನ್ನು ನೋಡಿ ನನ್ನ ಕಣ್ಣು ತುಂಬಿತು. ಎದ್ದು ಹೋಗಿ ಕೈ ಹಿಡಿದೆ.

"ಆರಾಮ ಅದೀಯೇನ?"

"ಅದೇನ್ರಿ," ಎಂದಳು. ಕೈ ಬಿಡಿಸಿಕೊಂಡು ಕಪಾಟಿನ ಕಡೆ ಹೋದಳು. ಹುಡುಗಿಗೆ ಆ ಕಾದಂಬರಿಯ ಹೆಸರು ಹೇಳಿದಳು. ಹುಡುಗಿ ಕಾರ್ಡು ನೋಡಿ, ಮೂರನೆಯ ಕಪಾಟಿನ ಎರಡನೆಯ ಸಾಲು ಎಂದು ಬೆರಳು ಮಾಡಿದಳು. ಅವಳೇ ಹೋಗಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಕುಳಿತು ಕೊನೆಯ ಪುಟಗಳನ್ನು ತೆರೆದಳು. ತಡೆಯಬೇಕೆಂದು ಅನಿಸಿತು. ಏನೆಂದು ತಡೆಯಲಿ? ಗಂಜಿಯ ಡಬ್ಬಿ ಎದುರಿಗಿಟ್ಟುಕೊಂಡು ಒಂದು ಹರಿದ ಪುಸ್ತಕಕ್ಕೆ ಬೆನ್ನು ಅಂಟಿಸುತ್ತ ಕುಳಿತೆ.

ಸ್ವಲ್ಪ ಹೊತ್ತಿಗೆ ಪುಸ್ತಕ ತಂದು ನನ್ನ ಮುಂದಿಟ್ಟಳು.

"ಆಕಿ ಸಾಯ್ತಾಳ," ಎಂದಳು.

"ಹೌದವಾ."

"ನಿಮಗ ಗೊತ್ತಿತ್ತು."

"ಗೊತ್ತಿತ್ತು. ನಿನ್ನ ಮುಂದ ಹೆಂಗ ಹೇಳಲಿ? ನೀ ಆವಾಗ..."

"ಗೊತ್ತೈತ್ರಿ. ನನ್ನ ಸಲುವಾಗಿ ಹೇಳಿದ್ರಿ," ಎಂದಳು. ಸಿಟ್ಟಿನ ದನಿಯಲ್ಲ. ಅವಳಿಗೂ ದಣಿವಾಗಿತ್ತು. "ಅಲ್ಲಿ ನನ್ನ ಬಾಜೂ ಹಾಸಿಗಿಗೆ ಸಾಂಗಲಿ ಕಡ್ಯಾಕಿ ಒಬ್ಬಾಕಿ ಇದ್ಲು. ಭಾಳ ಚಲೋ ಹೆಣ್ಣಮಗಳು. ತನ್ನ ಹಾಲು ನನಗ ಕುಡಿಸ್ತಿದ್ಲು. ಒಂದಿನ ನಾ ಈ ಕತಿ ಹೇಳಿದೆ. ಆಕಿ ಈ ಪುಸ್ತಕ ಓದಿದಾಕಿ. ಹಂಗ ಇಲ್ಲ, ಆಕಿ ಸಾಯ್ತಾಳ ಅಂದ್ಲು. ನಾ ಕೇಳ್ಲಿಲ್ಲ. ಪುಸ್ತಕದಕ್ಕ ಸುಳ್ಳ ಹೇಳೂದಿಲ್ಲ, ನೀನ ಸುಳ್ಳಿ, ನಾ ಆರಾಮ ಆಗಬಾರದು ಅಂತ ನಿನ್ನ ಮನಸಿನಾಗ ಐತಿ ಅಂದೆ. ಅಂದಬಿಟ್ಟೆ. ಆಕೀ ಕೂಡ ಮಾತ ಬಿಟ್ಟೆ. ಎರಡು ತಿಂಗಳು ಮಗ್ಗಲ ಬದಲಿಸಿ ಮಲಗಿದೆ. ಆಕಿ ಹಂಗ ಹೋದಳು."

ನನ್ನ ಕೈಯಲ್ಲಿದ್ದ ಕಡ್ಡಿಯ ಗಂಜಿ ಒಣಗಿತು. ನಿನ್ನನ್ನು ಆ ದವಾಖಾನೆಗೆ ಕಳಿಸಿದ್ದೂ ಆ ಕತೆಯೇ ಎಂದು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹೇಳಿದ್ದರೆ ಸತ್ತವಳ ಎದುರು ತಕ್ಕಡಿ ಹಿಡಿದು ಕೂತ ಹಾಗಾಗುತ್ತಿತ್ತು.

"ತಪ್ಪಾತವಾ," ಎಂದೆ.

"ನೋಡಿ ಹೋಗ್ಬೇಕಂತ ಬಂದೆ," ಎಂದಳು. ಪುಸ್ತಕವನ್ನು ತಾನೇ ಒಯ್ದು ಮೂರನೆಯ ಕಪಾಟಿನ ಎರಡನೆಯ ಸಾಲಿನಲ್ಲಿಟ್ಟು ಮೆಟ್ಟಿಲು ಇಳಿದು ಹೋದಳು.

ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ಬಾಗಿಲು ಹಾಕುವಾಗ, "ಬಾಯಿ, ನಮ್ಮ ಕೆಲಸ ಪುಸ್ತಕ ಕೊಡೂದು. ಅದರಾಗ ಏನೈತೋ ಅದು ಅವರ ಪಾಲಿಂದು," ಎಂದಳು, ಮೆಲ್ಲಗೆ.

"ಖರೆ ಐತಿ. ಪುಸ್ತಕ ಕೊಡಾಕ ಬರದಂಗ ಇದ್ದಾಗ ಏನ್ ಮಾಡತಿ?"

ಅವಳು ಯೋಚಿಸಿದಳು. "ಗೊತ್ತಿಲ್ರಿ. ಅದನ್ನ ನಮಗ ಕಲಿಸಿಲ್ಲ," ಎಂದಳು. ಆ ಉತ್ತರಕ್ಕಾಗಿ ಅವಳ ಮೇಲೆ ನನಗೆ ಪ್ರೀತಿ ಹುಟ್ಟಿತು.

ಮುಂದಿನ ಭಾನುವಾರ ನಾನು ಮಾಸ್ತರನ್ನು ನೋಡಲು ಹಾತಕಣಂಗಲೆಯ ಹತ್ತಿರದ ಅವರ ಹಳ್ಳಿಗೆ ಹೋದೆ. ಪೂರ್ತಿ ಕಣ್ಣು ಹೋಗಿತ್ತು. ಕಟ್ಟೆಯ ಮೇಲೆ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ.

"ನೀವು ಆ ಪುಸ್ತಕ ಯಾಕ ಕೊಟ್ರಿ? ಕಡೀಕ ಏನೈತಿ ಅಂತ ನಿಮಗ ಗೊತ್ತಿತ್ತಲ್ಲ."

ಬಾಚಣಿಗೆ ನಿಂತಿತು. "ನಾ ಅದನ್ನ ಓದಿಲ್ಲವಾ," ಎಂದರು.

"ಅಂದ್ರ?"

"ಕಾದಂಬರಿ ನಾ ಎಂದೂ ಪೂರ್ತಿ ಓದಿದಾಂವ ಅಲ್ಲ. ಮದಲಿಂದು ನಾಕ ಪಾನ ಓದತಿದ್ದೆ, ಮಂದಿ ಮಾರಿ ನೋಡತಿದ್ದೆ, ಕೊಡತಿದ್ದೆ. ಅಷ್ಟ ಪುಸ್ತಕ ಯಾರು ಓದ್ಯಾರು? ಮಂದಿ ನಂಬಿದ್ರು. ನಂಬಿದ ಮ್ಯಾಲ ಓದಿಲ್ಲ ಅನ್ನಾಕ ಬಾಯಿ ಬರಲಿಲ್ಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಸಿಲಲ್ಲಿ ಎರಡು ಮೈಲಿ ನಡೆದು ಬಂದಿದ್ದೆ. ಅವರ ಸೊಸೆ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಪುಸ್ತಕದ ಕಪಾಟುಗಳಿಗೆ ಈಗ ಬಾಗಿಲು ಇಲ್ಲವೆಂದು ಮಾಸ್ತರಿಗೆ ಹೇಳಿದೆ. "ಚಲೋ ಆತು," ಎಂದರು.

ಆಮೇಲೆ ಮೂರು ವರ್ಷ ನಾನು ಅಲ್ಲೇ ಇದ್ದೆ. ಮನೆಮನೆಗೆ ಒಯ್ಯುವುದು ಮೊದಲು ಒಂದು ದಿನಕ್ಕೆ ಇಳಿಯಿತು, ಆಮೇಲೆ ನಿಂತಿತು. ಹರಿದದ್ದನ್ನು ಅಂಟಿಸುವುದು, ಕಾರ್ಡಿನ ಪ್ರಕಾರ ಪುಸ್ತಕವನ್ನು ಜಾಗಕ್ಕಿಡುವುದು ನನ್ನ ಕೆಲಸವಾಯಿತು. ನೇಕಾರರ ಓಣಿಯ ಸೊಸೆ ಬರುತ್ತಿದ್ದಳು. ಮೊದಮೊದಲು ನನ್ನ ಮೇಜಿನ ಕಡೆ ನೋಡುತ್ತಿರಲಿಲ್ಲ. ಆಮೇಲೆ ಹೌದು ಇಲ್ಲ ಎನ್ನುವಷ್ಟು ಮಾತು ಬಂತು. ಒಮ್ಮೆ ಒಂದು ಪುಸ್ತಕ ಎತ್ತಿ ಹಿಡಿದು, "ಇದು ಹೆಂಗೈತ್ರಿ?" ಎಂದಳು. "ಓದಿಲ್ಲವಾ," ಎಂದೆ. ತಲೆ ಅಲ್ಲಾಡಿಸಿ ಒಯ್ದಳು.

ನಲವತ್ತರ ದಶಕ ಮುಗಿಯುವ ಹೊತ್ತಿಗೆ ಗಡಹಿಂಗ್ಲಜದಲ್ಲಿ ಅವ್ವ ಹಾಸಿಗೆ ಹಿಡಿದಳು. ನೋಡಿಕೊಳ್ಳಲು ನಾನೇ ಹೋಗಬೇಕಾಯಿತು. ಕೆಲಸ ಬಿಡುತ್ತೇನೆಂದಾಗ ಮಂಡಳಿಯವರು ಬೇಡವೆನ್ನಲಿಲ್ಲ. ಕೊನೆಯ ದಿನ ಆ ಸೊಸೆ ಬಂದು ತನ್ನ ತವರಿಗೆ ಒಂದು ಗಂಟು ಒಯ್ಯುವಿರಾ ಎಂದು ಕೇಳಿದಳು. ಅವರ ಮಗ್ಗದಲ್ಲೇ ನೇಯ್ದ ಒಂದು ಸೀರೆ, ತಾಯಿಗೆ. ಒಯ್ಯುತ್ತೇನೆಂದೆ.

ಗಡಹಿಂಗ್ಲಜದಲ್ಲಿ ಮೋಟಾರು ಇಳಿದು, ನಮ್ಮ ಮನೆಗೆ ಹೋಗುವ ಮೊದಲು ಅವಳ ತವರಿಗೆ ಹೋದೆ. ಮುದುಕಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚಲೂ ಇಲ್ಲ.

"ನಮ್ಮ ಮಗಳು ಹೆಂಗದಾಳ್ರಿ ಅಕ್ಕಾರ? ಪೂರ್ತಿ ಆರಾಮ ಆಗ್ಯಾಳಲ್ರಿ?"

ಆರಾಮ ಆಗ್ಯಾಳ ಎಂದುಬಿಟ್ಟಿದ್ದರೆ ಆ ಮುಖ ಅರಳುತ್ತಿತ್ತು. ನಾನು ಕಟ್ಟೆಯ ಮೇಲೆ ಕುಳಿತೆ. "ಭುಜ ನೀವು ನೋಡಿದಾಗ ಇದ್ದಂಗ ಇಳದ ಐತ್ರಿ," ಎಂದೆ. "ಮೆಟ್ಟಲ ಹತ್ತಿದರ ದಮ್ಮ ಬರತೈತಿ. ಮಳಿಗಾಲದಾಗ ಕೆಮ್ಮತಾಳ. ಮಗ್ಗದ ಕಂಡಿಕಿಗೆ ನೂಲು ಸುತ್ತತಾಳ, ಅತ್ತಿ ಕೂಡ ಚಂದ ಅದಾಳ. ವಾರಕ್ಕ ಎರಡ ಪುಸ್ತಕ ಓದತಾಳ."

ಮುದುಕಿ ಒಂದೊಂದನ್ನೇ ಕೇಳಿಸಿಕೊಂಡಳು. ಆಮೇಲೆ ಚಹಾ ಇಡಲು ಎದ್ದಳು.